ಮುಕ್ಕಾದ ದೇವಿ

ದೇವರ ಮೂಗು ಮುಕ್ಕಾಗಿದ್ದರೆ ದುರುಗಮ್ಮ ಒಳಗೆ ಹೋಗಬಹುದಿತ್ತು. ಮೂಗು ನೆಟ್ಟಗಿದ್ದರೆ ಇಲ್ಲ. ಇದನ್ನು ಅವಳಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ಬೈಸಿಕೊಂಡು ಕಲಿತದ್ದು.

ಮುಕ್ಕಾದ ವಿಗ್ರಹಕ್ಕೆ ಪೂಜೆಯಿಲ್ಲ. ಪೂಜೆಯಿಲ್ಲದ ಮೇಲೆ ಅರ್ಚಕನಿಲ್ಲ. ಅರ್ಚಕನಿಲ್ಲದ ಮೇಲೆ ಮಡಿಯಿಲ್ಲ, ಮೈಲಿಗೆಯಿಲ್ಲ. ಅಂಥ ಗುಡಿಯಲ್ಲಿ ಬಾವಲಿ ನೇತಾಡುತ್ತದೆ, ನಾಯಿ ಮರಿ ಹಾಕುತ್ತದೆ, ಹಾವು ಪೊರೆ ಬಿಡುತ್ತದೆ. ಮಾದಿಗರ ದುರುಗಮ್ಮ ಹೋಗಿ ಕೂತರೆ ಕೇಳುವವರು ಯಾರು? ಯಾರೂ ಇಲ್ಲ. ಅವಳಿಗೆ ಬೇಕಾಗಿದ್ದೂ ಅದೇ. ಕೂತವಳನ್ನು ಯಾರೂ ಎಬ್ಬಿಸದ ಒಂದು ಜಾಗ.

ಭದ್ರಾವತಿಯ ಕಾರ್ಖಾನೆಯ ಅಂಗಳದಲ್ಲಿ ಅವಳು ಗುತ್ತಿಗೆದಾರನ ಆಳು. ವ್ಯಾಗನ್ನಿನಿಂದ ಇಳಿದ ಇದ್ದಿಲನ್ನು ಮಂಕರಿಗೆ ತುಂಬಿ, ತಲೆಯ ಮೇಲೆ ಹೊತ್ತು, ರಾಶಿಗೆ ಸುರಿಯುವುದು ಕೆಲಸ. ಅದಿರು ಬಂದ ದಿನ ಕಬ್ಬಿಣದ ಬಾಂಡ್ಲಿ. ಅದಿರು ಇದ್ದಿಲಿನ ಹಾಗಲ್ಲ, ಸಣ್ಣ ಬಾಂಡ್ಲಿಯೂ ಕತ್ತನ್ನು ಭುಜದೊಳಕ್ಕೆ ಇಳಿಸುತ್ತದೆ. ಹಳೇ ಸೀರೆ ಸುತ್ತಿ ಮಾಡಿದ ಸಿಂಬಿಯನ್ನು ನೆತ್ತಿಯ ಮೇಲೆ ಇಟ್ಟು ಇಟ್ಟು ಅಲ್ಲಿ ಕೂದಲೇ ಉದುರಿಹೋಗಿತ್ತು. ಸಂಜೆ ಉಗಿದರೆ ಎಂಜಲು ಕಪ್ಪಗೆ ಬೀಳುತ್ತಿತ್ತು. ಮೇಸ್ತ್ರಿ ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಏ ಕರಿ ಮುಸುಡಿ" ಎನ್ನುತ್ತಿದ್ದ. ಇದ್ದಿಲು ಹೊತ್ತವರ ಮುಸುಡಿ ಇನ್ನು ಹೇಗಿರಬೇಕಿತ್ತು?

ನ್ಯೂ ಟೌನಿನ ಕ್ವಾರ್ಟರ್ಸು, ಸಾಲುಮರ, ನಲ್ಲಿ ನೀರು, ದೀಪದ ಕಂಬ ಎಲ್ಲ ಮುಗಿದ ಮೇಲೆ ಗುಡಿಸಲುಗಳ ಒಂದು ಸಾಲು. ಕೊನೆಯದು ಅವಳದು. ಗಂಡ ಲಕ್ಕವಳ್ಳಿಯ ಡ್ಯಾಮಿನ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡ. ಮಗಳು ಹೊನ್ನಿ ಮೂರು ವರ್ಷಕ್ಕೆ ಸಿಡುಬಿನಲ್ಲಿ ಹೋದಳು. ಆಮೇಲೆ ವಾರದ ರಜೆ ಬಂತೆಂದರೆ ದುರುಗಮ್ಮನಿಗೆ ಗುಡಿಸಲಲ್ಲಿ ಕೂರಲು ಆಗುತ್ತಿರಲಿಲ್ಲ. ಕೆಲಸದ ದಿನ ತಲೆಯ ಮೇಲೆ ಭಾರ ಇರುತ್ತಿತ್ತು, ಹೇಗೋ ಹೊತ್ತು ಹೋಗುತ್ತಿತ್ತು. ರಜೆಯ ದಿನ ಅದೂ ಇಲ್ಲ.

ಯೂನಿಯನ್ನಿನವರು ಒಂದು ಸಲ ಗೇಟಿನ ಹತ್ತಿರ ಭಾಷಣ ಮಾಡಿದ್ದರು. ಅಸ್ಪೃಶ್ಯತೆ ಮಾಡಬಾರದೆಂದು ಕಾಯ್ದೆ ಬಂದು ವರ್ಷಗಳಾದವು, ಯಾವ ಗುಡಿಗೆ ಬೇಕಾದರೂ ಹೋಗಿ, ತಡೆದವರಿಗೆ ಜೈಲು ಎಂದಿದ್ದರು. ದುರುಗಮ್ಮ ನಂಬಿದಳು. ಪಾಪ, ಅವರು ಹೇಳಿದ್ದೂ ಚೆನ್ನಾಗಿಯೇ ಇತ್ತು. ಹೊನ್ನಿಯ ಹೆಸರಿನಲ್ಲಿ ಒಂದು ಕಾಯಿ ಒಡೆಸೋಣವೆಂದು ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆಯುಟ್ಟು, ಪೇಟೆಯ ಒಂದು ಗುಡಿಯ ಸಾಲಿನಲ್ಲಿ ಹೋಗಿ ನಿಂತಳು. ಮುಂದಿದ್ದ ಹೆಂಗಸು ತಿರುಗಿ, "ನೀವು ಯಾರ ಪೈಕಿ?" ಎಂದಳು. ದುರುಗಮ್ಮ ಹೇಳಿದಳು. ಸುಳ್ಳು ಹೇಳಬಹುದೆಂದು ಅವಳಿಗೆ ಹೊಳೆಯಲೇ ಇಲ್ಲ. ಕಾಯ್ದೆ ಬಂದಿದೆಯಲ್ಲ!

ಕಾಯಿ ಚರಂಡಿಗೆ ಹೋಯಿತು. ಅವಳು ನಿಂತಿದ್ದ ಚಪ್ಪಡಿಗೆ ಅವಳ ಎದುರಿಗೇ ಸಗಣಿ ನೀರು ಹಾಕಿದರು. ಬಾಯಿಗೆ ಬಂದಂತೆ ಬೈದರು. ಒಬ್ಬ ದೊಡ್ಡ ಮನುಷ್ಯ ಮಾತ್ರ ಬೈಯಲಿಲ್ಲ. ರಸ್ತೆಯ ಆಚೆಗೆ ಕೈ ತೋರಿಸಿ, "ಅಲ್ಲಿಂದಾನೇ ಕಾಣ್ತದೆ ಕಣಮ್ಮ. ಅಲ್ಲೇ ನಿಂತ್ಕೊಂಡು ಕೈ ಮುಗಿ" ಎಂದ. ಅವಳು ಹೋಗಿ ನಿಂತಳು. ಅಲ್ಲಿಂದ ಕಂಡದ್ದು ಜನರ ಬೆನ್ನು. ಬೈದವರನ್ನು ದುರುಗಮ್ಮ ಮರೆತಳು. ಆ ಒಳ್ಳೆಯ ಮನುಷ್ಯನ ಮಾತನ್ನು ಮರೆಯಲಿಲ್ಲ.

ಪಾಳು ಗುಡಿಗಳನ್ನು ಹುಡುಕಿಕೊಂಡು ಹೊರಟದ್ದು ಆಮೇಲೆ. ರಜೆಯ ದಿನ ರೊಟ್ಟಿ ಕಟ್ಟಿಕೊಂಡು ಶಿವಮೊಗ್ಗದ ಬಸ್ಸು ಹತ್ತಿ ಎಲ್ಲೋ ಒಂದು ಕಡೆ ಇಳಿದು, ಹೊಲದಲ್ಲಿದ್ದವರನ್ನು, "ಇಲ್ಲೆಲ್ಲಾದ್ರೂ ಪೂಜೆ ನಿಂತಿರೋ ಹಳೇ ಗುಡಿ ಐತಾ?" ಎಂದು ಕೇಳುವಳು. ಕೆಲವರು ನಿಧಿ ಅಗೆಯುವವರ ಕಡೆಯವಳೆಂದು ಅಟ್ಟಿದರು. ಕೆಲವರು ಹುಚ್ಚಿ ಇರಬೇಕೆಂದು ದಾರಿ ತೋರಿಸಿದರು. ಹೀಗೆ ಎಷ್ಟೋ ನೋಡಿದಳು. ಗೋಡೆಯ ತುಂಬ ಆನೆ ಕುದುರೆ ಸಾಲು ಹಿಡಿದು ನಡೆದದ್ದು, ಮಾಡು ಕುಸಿದು ಒಳಗೆಲ್ಲ ಲಂಟಾನ ಬೆಳೆದದ್ದು, ಲಿಂಗ ಕಿತ್ತು ಗುಂಡಿ ಮಾತ್ರ ಉಳಿದದ್ದು. ಯಾವ ರಾಜ ಕಟ್ಟಿಸಿದ, ಎಂದು ಕಟ್ಟಿಸಿದ ಎಂಬುದು ಅವಳಿಗೆ ಬೇಕಿರಲಿಲ್ಲ. ತಣ್ಣಗಿನ ಕಂಬಕ್ಕೆ ಬೆನ್ನು ಕೊಟ್ಟು ಕೂರುವಳು. ಕೆತ್ತಿದ ಕಲ್ಲನ್ನು ಕೈಯಿಂದ ಸವರುವಳು. ರೊಟ್ಟಿ ತಿಂದು ಸಂಜೆಗೆ ಬರುವಳು.

ಪಕ್ಕದ ಗುಡಿಸಲಿನ ಪೊನ್ನಮ್ಮ ಸೇಲಂ ಕಡೆಯಿಂದ ಬಂದವಳು. ಅರೆಬರೆ ಕನ್ನಡದಲ್ಲಿ ನಗುತ್ತಿದ್ದಳು. "ಅಕ್ಕಾ, ನಿಂದು ಸಾಮಿ ಎಲ್ಲಾ ಮೂಗು ಇಲ್ಲಾದ ಸಾಮಿ."

"ಮೂಗಿದ್ದಿದ್ರೆ ನನ್ ವಾಸ್ನೆ ಹೊಡೀತಿತ್ತು ಕಣೆ, ಓಡಿಸ್ತಿದ್ರು," ಎಂದಳು ದುರುಗಮ್ಮ. ಇಬ್ಬರೂ ಕೆಮ್ಮು ಬರುವಷ್ಟು ನಕ್ಕರು.

ಹೀಗೆ ತಿರುಗುತ್ತಿದ್ದಾಗ ಸಿಕ್ಕಿದ್ದು ಕಲ್ಲೊಡ್ಡು. ಭದ್ರಾ ಹೊಳೆಯ ದಂಡೆಯ ಹಳ್ಳಿ. ಊರಿನ ಹೊರಗೆ ಕಲ್ಲಿನ ಗುಡಿ. ಮುಂದೆ ಸರ್ಕಾರದ ಬೋರ್ಡು. ಇದು ಸಂರಕ್ಷಿತ ಸ್ಮಾರಕ, ಇದನ್ನು ಕೆಡಿಸಿದವರಿಗೆ, ಬದಲಾಯಿಸಿದವರಿಗೆ ಸಜೆ ಮತ್ತು ದಂಡ ಎಂದು ಬರೆದಿತ್ತು. ಅದನ್ನು ಓದಿ ಹೇಳಿದವನು ಅಲ್ಲಿನ ಕಾವಲುಗಾರ ಗೋವಿಂದಯ್ಯ, ಅದೇ ಊರಿನವನು, ಮೈಮೇಲೆ ಸರ್ಕಾರದ ಖಾಕಿ ಅಂಗಿ.

"ಹಂಗಾದ್ರೆ ಈ ಗುಡಿ ಯಾರ್ದು, ಅಯ್ಯಾ?"

"ಸರ್ಕಾರದ್ದು."

"ನಾನು ಒಳಗೆ ಹೋಗ್ಬಹುದಾ?" ಎಂದು ತನ್ನ ಜಾತಿಯನ್ನೂ ಹೇಳಿದಳು.

ಗೋವಿಂದಯ್ಯ ಬೀಡಿ ಹಚ್ಚಿದ. "ಬಾವಲಿಗೆ ಬ್ಯಾಡ ಅಂತೀನಾ ನಾನು? ಹೋಗು ಮಾರಾಯ್ತಿ."

ಗರ್ಭಗುಡಿಯಲ್ಲಿ ಒಬ್ಬ ದೇವಿ ಕೂತಿದ್ದಳು. ದೊಡ್ಡವಳೇನಲ್ಲ, ಮೊಣಕಾಲೆತ್ತರ. ಮೂಗಿಲ್ಲ. ಬಲಗೈ ಮೊಣಕೈಯಿಂದ ಕೆಳಗಿಲ್ಲ. ಯಾವ ದೇವಿ ಎಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ದುರುಗಮ್ಮ ಸೆರಗಿನಿಂದ ಮುಖದ ಧೂಳು ಒರೆಸಿದಳು. ಕುತ್ತಿಗೆ, ಎದೆ ಒರೆಸುತ್ತ ಕೆಳಗೆ ಬಂದವಳ ಕೈ ತೊಡೆಯ ಹತ್ತಿರ ನಿಂತಿತು. ದೇವಿಯ ಎಡತೊಡೆಯ ಮೇಲೆ ಎರಡು ಪುಟ್ಟ ಪಾದಗಳಿದ್ದವು. ಬೆರಳು ಸಮೇತ. ಪಾದದ ಮೇಲೆ ಏನೂ ಇರಲಿಲ್ಲ. ಒಂದಾನೊಂದು ಕಾಲಕ್ಕೆ ಅಲ್ಲೊಂದು ಕೂಸು ನಿಂತಿತ್ತು. ಯಾರೋ ಒಡೆದಿದ್ದರು. ಪಾದ ಮಾತ್ರ ಅಮ್ಮನನ್ನು ಬಿಟ್ಟಿರಲಿಲ್ಲ.

"ನಿಂದೂ ಹೋಯ್ತೇನೆ?" ಎಂದಳು ದುರುಗಮ್ಮ.

ಹೊನ್ನಿ ಸತ್ತ ಮೇಲೆ ಅವಳು ಅತ್ತದ್ದು ಅವತ್ತೇ.

ಆಮೇಲೆ ಅವಳು ಬೇರೆ ಗುಡಿ ಹುಡುಕಲಿಲ್ಲ. ರಜೆ ಬಂದರೆ ಕಲ್ಲೊಡ್ಡು. ಬಾವಲಿಯ ಹಿಕ್ಕೆ ನೆಲದ ಮೇಲೆ ಗೇಣು ದಪ್ಪಕ್ಕೆ ಗಟ್ಟಿಯಾಗಿತ್ತು. ಕೆರೆದು ಕೆರೆದು ಉಗುರಿನ ಸಂದು ಒಡೆಯಿತು. ಮಂಕರಿ ಮಂಕರಿ ಹೊತ್ತು ಹೊರಗೆ ಸುರಿದಳು. ನಾತಕ್ಕೆ ತಲೆ ತಿರುಗಿ ಒಂದು ದಿನ ಮೆಟ್ಟಿಲ ಮೇಲೇ ಬಿದ್ದಳು. ಗೋಡೆ ಸೀಳಿದ್ದ ಬಸರಿಯ ಬೇರನ್ನು ಕೊಯ್ದಳು. ಹೊಳೆಯಿಂದ ನೀರು ಹೊತ್ತು ನೆಲ ತೊಳೆದಳು. ಮೇಸ್ತ್ರಿಯಿಲ್ಲದ ಕೆಲಸ ಅವಳು ಜನ್ಮದಲ್ಲಿ ಮಾಡಿದ್ದು ಅದೊಂದೇ. ಗೋವಿಂದಯ್ಯ ಬೀಡಿ ಸೇದುತ್ತ ನೋಡುತ್ತಿದ್ದ. ಅವನ ಕೆಲಸ ಅದು, ಅವನೇನು ಬೇಡವೆನ್ನುತ್ತಾನೆಯೇ?

ಒಮ್ಮೊಮ್ಮೆ ಶಿವಮೊಗ್ಗದಿಂದ ಕಾರಿನಲ್ಲಿ ಪ್ರವಾಸಿಗಳು ಬರುತ್ತಿದ್ದರು. ಅವರಿಗೆ ಗೋವಿಂದಯ್ಯ ಎದ್ದು ನಿಂತು ಕೈ ಮುಗಿಯುವನು. ಒಬ್ಬ ಕ್ಯಾಮರಾ ಹಿಡಿದು, "ಸ್ವಲ್ಪ ಪಕ್ಕಕ್ಕೆ ಸರಿಯಮ್ಮ, ಫೋಟೋದಲ್ಲಿ ನೀನು ಬರ್ತೀಯ" ಎಂದ. ದುರುಗಮ್ಮ ಸರಿದಳು. ಅವರು ಹೋದ ಮೇಲೆ ಮತ್ತೆ ಬಂದು ಕೂತಳು. ಬಂದು ಹೋಗುವವರು ಎಷ್ಟು ಹೊತ್ತು ಇರುತ್ತಾರೆ?

ಅಲ್ಲಿಗೆ ಒಂದು ಮಧ್ಯಾಹ್ನ ಜಗದಾಂಬಾ ಬಂದಳು. ಊರಿನ ಪಟೇಲ ಷಡಕ್ಷರಪ್ಪನ ಸೊಸೆ. ಮದುವೆಯಾಗಿ ವರ್ಷಗಳಾದರೂ ಮಕ್ಕಳಿರಲಿಲ್ಲ. ಗಂಡನಿಗೆ ಇನ್ನೊಂದು ಮದುವೆ ಮಾಡುವ ಮಾತು ಮನೆಯಲ್ಲಿ ನಡೆದಿತ್ತು. ಊರು ಉಂಡು ಮಲಗಿದ ಹೊತ್ತಿನಲ್ಲಿ ಸೆರಗು ಮುಚ್ಚಿಕೊಂಡು ಬಂದವಳು ಒಳಗಿದ್ದ ದುರುಗಮ್ಮನನ್ನು ಕಂಡು ಬಾಗಿಲಲ್ಲೇ ನಿಂತಳು. ದುರುಗಮ್ಮ ಎದ್ದು ಮೂಲೆಗೆ ಸರಿದಳು. ಅಭ್ಯಾಸ.

"ಎದ್ದೇಳ್ಬೇಡ, ಕೂತ್ಕೊ," ಎಂದಳು ಜಗದಾಂಬಾ. "ಏನ್ ಕೇಳ್ಕೊಳ್ತೀಯ ಇವಳ ಹತ್ರ?"

"ಏನೂ ಕೇಳಲ್ಲ ಅಮ್ಮಾರೆ. ಅವಳ ಹತ್ರಾನೇ ಇಲ್ಲ, ನೋಡಿ," ಎಂದು ದುರುಗಮ್ಮ ತೊಡೆಯ ಮೇಲಿನ ಪಾದ ತೋರಿಸಿದಳು. "ಸುಮ್ನೆ ಕೂತ್ಕೊಳ್ತೀನಿ."

ಜಗದಾಂಬಾ ಆ ಪಾದಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕಂಬದ ಈಚೆಗೆ ಕೂತಳು. ಹೀಗೆ ಎಷ್ಟೋ ರಜೆಗಳು ಇಬ್ಬರೂ ಕೂತರು. ನಡುವೆ ಒಂದು ಕಂಬದ ದೂರ. ಜಗದಾಂಬಾ ಬೆಲ್ಲ ತರುವಳು. ಕೈಗೆ ಕೊಡುತ್ತಿರಲಿಲ್ಲ, ಕಲ್ಲಿನ ಮೇಲಿಡುವಳು. ದುರುಗಮ್ಮ ಕಲ್ಲಿನಿಂದ ಎತ್ತಿಕೊಳ್ಳುವಳು. ಅಷ್ಟಕ್ಕೇ ಅವಳಿಗೆ ಹಬ್ಬ. ಹೊನ್ನಿಯ ಹೆಸರನ್ನು ಅವಳು ಇನ್ನೊಬ್ಬರ ಎದುರು ಬಾಯಿಬಿಟ್ಟು ಹೇಳಿದ್ದು ಅಲ್ಲೇ. ಜಗದಾಂಬಾ ಕೇಳಿಸಿಕೊಂಡು ಕಣ್ಣೊರೆಸಿಕೊಂಡಿದ್ದಳು.

ಆಮೇಲೆ ಜಗದಾಂಬಾ ಬರುವುದು ನಿಂತಿತು. ಗರ್ಭಿಣಿಯೆಂದು ಗೋವಿಂದಯ್ಯ ಹೇಳಿದ. ತವರಿಗೆ ಹೋದಳು. ಗಂಡುಮಗುವಾಯಿತು. ದುರುಗಮ್ಮ ದೇವಿಯ ಮುಂದೆ ಒಂದು ಚೂರು ಬೆಲ್ಲ ಇಟ್ಟು, "ಅಂತೂ ಒಬ್ಬಳಿಗಾಯ್ತು" ಎಂದಳು. ಅವಳ ಸಂತೋಷ ನಿಜವಾದದ್ದು. ಆ ಸಂತೋಷವೇ ತನ್ನ ಕುತ್ತಿಗೆಗೆ ಬರುತ್ತದೆಂದು ಅವಳಿಗೇನು ಗೊತ್ತು?

ಬೇಸಿಗೆಯ ಒಂದು ರಜೆಯ ದಿನ ಬಂದು ನೋಡಿದರೆ ಗುಡಿಗೆ ಸುಣ್ಣ ಬಳಿದಿದ್ದರು. ಆನೆ, ಕುದುರೆ, ಕುಣಿಯುವ ಹೆಣ್ಣುಗಳು ಎಲ್ಲರ ಮುಖಕ್ಕೂ ಸುಣ್ಣ. ಸುತ್ತ ಬಿದಿರಿನ ಬೇಲಿ. ಸರ್ಕಾರದ ಬೋರ್ಡಿಗೆ ಮಾವಿನ ತೋರಣದ ಒಂದು ತುದಿ ಕಟ್ಟಿದ್ದರು. ಬಾಗಿಲಿಗೆ ಬೀಗ.

"ಇನ್ಮೇಲೆ ಬರ್ಬೇಡ ಮಾರಾಯ್ತಿ," ಎಂದ ಗೋವಿಂದಯ್ಯ. ಅವಳ ಮುಖ ನೋಡಲಿಲ್ಲ. "ಪಟೇಲರ ಮನೇಗೆ ಮಗು ಕೊಟ್ಟಿದ್ದು ಇವಳೇ ಅಂತ ಊರಿಗೆಲ್ಲ ಗೊತ್ತಾಯ್ತು. ಹೊಸ ವಿಗ್ರಹ ಬರ್ತಾ ಐತೆ. ಬರೋ ಶುಕ್ರವಾರ ಪ್ರತಿಷ್ಠೆ."

"ಬದಲಾಯ್ಸಿದ್ರೆ ಜೈಲು ಅಂತ ನೀವೇ ಓದಿದ್ರಲ್ಲ?"

"ಓದಿದ್ದೆ. ಏನೀಗ? ನಾನು ಈ ಊರಲ್ಲಿ ಬಾಳ್ವೆ ಮಾಡ್ಬೇಕಲ್ಲ."

"ನನ್ ದೇವಿ ಎಲ್ಲಿ?"

"ನಿನ್ ದೇವಿ!" ಗೋವಿಂದಯ್ಯನಿಗೆ ನಗು ಬಂತು. ಎಲ್ಲಿ ಎಂದು ಹೇಳಲಿಲ್ಲ.

ಮಾರನೇ ದಿನ ಕೂಲಿ ಬಿಟ್ಟು ದುರುಗಮ್ಮ ಶಿವಮೊಗ್ಗಕ್ಕೆ ಹೋದಳು. ಬೋರ್ಡು ಹಾಕಿದ ಸರ್ಕಾರ ಎಲ್ಲಿದೆಯೆಂದು ಕೇಳಿಕೊಂಡು ಬಿಸಿಲಲ್ಲಿ ಕಚೇರಿಯಿಂದ ಕಚೇರಿಗೆ ನಡೆದಳು. ಕೊನೆಗೆ ಒಬ್ಬ ಗುಮಾಸ್ತ ಕನ್ನಡಕ ತೆಗೆದು ಅವಳನ್ನು ನೋಡಿದ.

"ಗುಡಿ ಕೆಡಿಸಿದ್ರೆ ಕೇಸು. ಅವರು ಸುಣ್ಣ ಹೊಡೆದು ಚೆಂದ ಮಾಡ್ತಿದಾರೆ ಅಂತೀಯ. ಅದರಲ್ಲಿ ಕೆಡಿಸಿದ್ದು ಎಲ್ಲಿ ಬಂತು? ಅಷ್ಟಕ್ಕೂ ನೀನ್ಯಾಕೆ ಅಲ್ಲಿಗೆ ಹೋಗ್ತಿದ್ದೆ?"

"ನೋಡಕ್ಕೆ, ಸ್ವಾಮಿ."

"ನೋಡೋಕೆ ಹೋಗೋರಿಗೆ ಪ್ರವಾಸಿಗಳು ಅಂತಾರೆ. ನೀನು ಪ್ರವಾಸಿಯಾ?"

ಪಕ್ಕದ ಮೇಜಿನವರೂ ನಕ್ಕರು. ದುರುಗಮ್ಮ ತನ್ನ ಕಾಲು ನೋಡಿಕೊಂಡಳು. ಅವರೆಲ್ಲ ಸೇರಿ ನೋಡಿದ್ದಕ್ಕಿಂತ ಹೆಚ್ಚು ಗುಡಿಗಳಿಗೆ ಆ ಕಾಲು ನಡೆದಿತ್ತು. ಅದನ್ನು ಹೇಳಿದರೆ ಇನ್ನೂ ನಗುತ್ತಾರೆ. ಬಸ್‌ಸ್ಟ್ಯಾಂಡಿನ ಜನಜಂಗುಳಿಯಲ್ಲಿ ನಿಂತಾಗ ಅವಳಿಗೆ, ಇಷ್ಟು ಜನರಲ್ಲಿ ತನ್ನ ಮಾತು ಕೇಳುವ ಒಂದು ಕಿವಿಯೂ ಇಲ್ಲವಲ್ಲ ಎನಿಸಿತು. ಇದ್ದದ್ದು ಒಂದೇ, ಕಲ್ಲಿನದು. ಅದನ್ನೂ ಎಲ್ಲಿಟ್ಟರೋ.

ಶುಕ್ರವಾರ ಮತ್ತೆ ಕೂಲಿ ಬಿಟ್ಟಳು. ಕಲ್ಲೊಡ್ಡಿನಲ್ಲಿ ಜನವೋ ಜನ. ಬೇಲಿಯ ಹೊರಗೆ ಆ ಊರಿನ ಕೇರಿಯವರು ಹಲಗೆ ಬಾರಿಸುತ್ತಿದ್ದರು. ಬೇಲಿಯ ಒಳಗೆ ಹೊಗೆ, ಮಂತ್ರ, ರೇಷ್ಮೆ ಸೀರೆ. ದುರುಗಮ್ಮ ಬೇಲಿಯ ಹತ್ತಿರ ಬಂದಾಗ ಜಗದಾಂಬಾ ಕಣ್ಣಿಗೆ ಬಿದ್ದಳು. ಕಂಕುಳಲ್ಲಿ ದುಂಡಗಿನ ಕೂಸು. ದುರುಗಮ್ಮನ ಮುಖ ಅರಳಿತು. ಎರಡು ಹೆಜ್ಜೆ ಮುಂದೆ ಹೋದಳು.

ಜಗದಾಂಬಾ ಮಗುವನ್ನು ಆಚೆ ಕಂಕುಳಿಗೆ ಬದಲಾಯಿಸಿಕೊಂಡಳು. "ಸ್ವಲ್ಪ ಹಿಂದೆ ನಿಂತ್ಕೊ ಮಾರಾಯ್ತಿ. ಮಗು ಐತೆ" ಎಂದಳು. ಸಿಟ್ಟಿನಿಂದಲ್ಲ, ಮೆತ್ತಗೇ ಹೇಳಿದಳು. ಅತ್ತೆ ಪಕ್ಕದಲ್ಲಿದ್ದಳು.

ದುರುಗಮ್ಮ ಹಿಂದೆ ಸರಿದಳು. ಗೋವಿಂದಯ್ಯನನ್ನು ಹುಡುಕಿ ಹಿಡಿದಳು. ಅವತ್ತು ಅವನು ಖಾಕಿ ಅಂಗಿ ಹಾಕಿರಲಿಲ್ಲ. ಪಂಚೆಯುಟ್ಟು ಶಲ್ಯ ಹೊದ್ದಿದ್ದ.

"ನನ್ ದೇವಿ ಎಲ್ಲಿ? ಹೇಳೋವರ್ಗೂ ಹೋಗಲ್ಲ."

"ಮುಕ್ಕಾದ್ದನ್ನ ಏನ್ಮಾಡ್ತಾರೆ? ಹೊಳೆಗೆ ಬಿಟ್ರು. ಅದರಲ್ಲಿದ್ದ ದೇವರ ಕಳೆನೆಲ್ಲ ಅರ್ಚಕರು ಕಲಶಕ್ಕೆ ತಕ್ಕೊಂಡಾಯ್ತು. ಈಗ ಅದು ಬರೀ ಕಲ್ಲು. ಹೋಗು, ಹೋಗು."

ಹೊಳೆಯಲ್ಲಿ ನೀರು ಇಳಿದಿತ್ತು. ತೊಡೆಯುದ್ದದ ಮಡು. ಚಪ್ಪಲಿಯನ್ನು ದಂಡೆಯಲ್ಲಿ ಬಿಟ್ಟು, ಕಾಲಿನಿಂದ ತಡಕುತ್ತ ಹೋದಳು. ಪಾಚಿಗೆ ಜಾರಿ ಬಿದ್ದು ಎದ್ದಳು. ಕೊನೆಗೆ ಅಂಗಾಲಿಗೆ ಕಲ್ಲು ಸಿಕ್ಕಿತು. ಬಗ್ಗಿ ಸವರಿದಾಗ ಕೈಗೆ ತಾಗಿದ್ದು ಎರಡು ಪುಟ್ಟ ಪಾದ. ದೇವಿ ಅಂಗಾತ ಬಿದ್ದಿದ್ದಳು.

ದುರುಗಮ್ಮ ನೀರಿನಲ್ಲಿ ನಿಂತೇ ಬೈದಳು. ಪಟೇಲನನ್ನು, ಅರ್ಚಕನನ್ನು, ಗೋವಿಂದಯ್ಯನನ್ನು, ನಕ್ಕ ಗುಮಾಸ್ತನನ್ನು, ತನಗೆ ಗೊತ್ತಿದ್ದ ಮಾತುಗಳಲ್ಲೆಲ್ಲ ಬೈದಳು. ಕೇಳುವವರು ಯಾರೂ ಇರಲಿಲ್ಲ. ಆಮೇಲೆ ಸೆರಗು ಹರಿದಳು. ಸಿಂಬಿ ಸುತ್ತಿದಳು.

ನೀರೊಳಗಿನಿಂದ ಬಂಡೆಗೆ, ಬಂಡೆಯಿಂದ ಮಂಡಿಗೆ, ಮಂಡಿಯಿಂದ ಭುಜಕ್ಕೆ, ಭುಜದಿಂದ ನೆತ್ತಿಗೆ. ಯಾರಾದರೂ ಒಂದು ಕೈ ಹಿಡಿದು ಎತ್ತಿಕೊಡಬೇಕಾದ ಭಾರ ಅದು. ಯಾರೂ ಇರಲಿಲ್ಲ. ಕತ್ತಿನ ನರ ಪಟಪಟ ಎಂದಿತು. ಕಣ್ಣು ಕತ್ತಲಿಟ್ಟಿತು. ಕಾಲು ನಡುಗಿ ನಿಂತಿತು. ಜೀವಮಾನವೆಲ್ಲ ಇನ್ನೊಬ್ಬರ ಅದಿರು ಹೊತ್ತ ತಲೆ ಮೊದಲ ಸಲ ತನ್ನದನ್ನು ಹೊತ್ತಿತ್ತು.

ಹೊಳೆಯಿಂದ ಗುಡಿಗೆ ಎರಡು ದಾರಿ. ಕೇರಿಯವರು ನಡೆಯುವ ಸುತ್ತುದಾರಿ ಒಂದು. ಪಟೇಲರ ಬೀದಿ ಇನ್ನೊಂದು. ದುರುಗಮ್ಮ ಟೈರಿನ ಚಪ್ಪಲಿ ಮೆಟ್ಟಿಕೊಂಡೇ ಪಟೇಲರ ಬೀದಿ ಹಿಡಿದಳು. ರಂಗೋಲಿ ಹಾಕಿದ ಬೀದಿ. ಹೆಜ್ಜೆ ಹೆಜ್ಜೆಗೂ ರಂಗೋಲಿಯ ಮೇಲೆ ಹೊಳೆಯ ನೀರು ಸುರಿಯಿತು. ಜಗುಲಿಯ ಮೇಲಿದ್ದ ಒಬ್ಬ ಮುದುಕಿ ಕಿರುಚಿದಳು. ಗುಡಿಯ ಕಡೆಯಿಂದ ಗಂಡಸರು ಓಡಿಬಂದರು. ಬಂದವರು ಅವಳ ಎದುರಿಗೆ ಬಂದು ಗಕ್ಕನೆ ನಿಂತರು.

ಅವಳನ್ನು ತಡೆಯಬೇಕಾದರೆ ಹಿಡಿಯಬೇಕು. ಹಿಡಿಯಬೇಕಾದರೆ ಮುಟ್ಟಬೇಕು. ಅವತ್ತು ಎಲ್ಲರೂ ಮಡಿಯಲ್ಲಿದ್ದರು.

"ನಿಲ್ಲೇ! ನಿಲ್ಲೇ ಮುಂಡೆ!" ಎಂದು ಪಟೇಲ ಷಡಕ್ಷರಪ್ಪ ಕೂಗಿದ. ಕೂಗುತ್ತಲೇ ಹಿಂದೆ ಹಿಂದೆ ಹೆಜ್ಜೆಯಿಟ್ಟ.

"ಹಿಡ್ಕಳಿ ಬುದ್ಧಿ," ಎಂದಳು ದುರುಗಮ್ಮ. ನಿಲ್ಲಲಿಲ್ಲ. "ಮುಟ್ಟಿ ಹಿಡ್ಕಳಿ. ಬ್ಯಾಡ ಅಂದೋರ್ಯಾರು?"

ಯಾರೋ ಒಬ್ಬ ದೊಣ್ಣೆ ಎತ್ತಿದ. ಅವಳು ಬಿದ್ದರೆ ತಲೆಯ ಮೇಲಿನದೂ ಬೀಳುತ್ತದೆ, ಪ್ರತಿಷ್ಠೆಯ ದಿನ ಊರಬೀದಿಯಲ್ಲಿ ದೇವಿ ಚೂರಾಗುತ್ತಾಳೆ. ಪಟೇಲನೇ ಬೇಡವೆಂದು ಕೈ ಮಾಡಿದ. ಹಿಂದಿನಿಂದ ಒಂದು ಕಲ್ಲು ಬಂದು ಅವಳ ಮೀನಖಂಡಕ್ಕೆ ಬಿತ್ತು. ಕಾಲು ಕುಸಿಯಿತು. ಕತ್ತು ಕುಸಿಯಲಿಲ್ಲ. ಕುಂಟುತ್ತ ನಡೆದಳು. ಅವಳು ನಡೆದಷ್ಟೂ ಜನ ಎರಡು ಪಕ್ಕಕ್ಕೆ ಸರಿದರು. ಅಷ್ಟು ಅಗಲದ ದಾರಿಯನ್ನು ಅವಳಿಗೆ ಯಾರೂ ಯಾವತ್ತೂ ಬಿಟ್ಟಿರಲಿಲ್ಲ.

ಗುಡಿಯ ಬಾಗಿಲಲ್ಲಿ ಚಪ್ಪಲಿ ಕಳಚಿದಳು. ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಒಳಗಿದ್ದ ಅರ್ಚಕ ಪಂಚೆ ಎತ್ತಿ ಕಟ್ಟಿ, ಗೋಡೆಗೆ ಬೆನ್ನು ಅಂಟಿಸಿಕೊಂಡು ಸರಿಯುತ್ತ ಸರಿಯುತ್ತ ಹೊರಗೆ ಹಾರಿದ.

"ಅದು ಬರೀ ಕಲ್ಲು ಕಣೇ!" ಎಂದು ಹೊರಗಿನಿಂದ ಅರಚಿದ. "ಒಳಗೆ ತರ್ಬೇಡ!"

"ಬರೀ ಕಲ್ಲಾದ್ರೆ ನಿಮ್ಗ್ಯಾಕೆ ಇಷ್ಟು ಭಯ?"

ಹೊಸ ದೇವಿ ಪೀಠದ ಮೇಲೆ ಎಣ್ಣೆ ಹಚ್ಚಿಸಿಕೊಂಡು ಮಿರಮಿರ ಮಿಂಚುತ್ತಿದ್ದಳು. ಮೂಗು ನೆಟ್ಟಗಿತ್ತು. ತೊಡೆಯ ಮೇಲೆ ಯಾರೂ ಇರಲಿಲ್ಲ. ದುರುಗಮ್ಮ ಅವಳನ್ನು ಮುಟ್ಟಲಿಲ್ಲ. ಕೂತು, ಬಾಗಿ, ತನ್ನವಳನ್ನು ಅವಳ ಮುಂದೆ ನೆಲಕ್ಕಿಳಿಸಿದಳು. ಕತ್ತು ನೆಟ್ಟಗೆ ಮಾಡಲು ಆಗಲಿಲ್ಲ. ಕಂಬಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟಳು. ಅದೇ ಕಂಬ.

ಹೊರಗೆ ಪಟೇಲ ಉರಿದುಹೋಗುತ್ತಿದ್ದ. ಬೇಲಿಯಾಚೆ ಹಲಗೆ ಹಿಡಿದು ನಿಂತಿದ್ದವರ ಕಡೆ ತಿರುಗಿ, "ಏ ತಿಪ್ಪಣ್ಣಾ! ನಿಮ್ಮೋಳು ತಾನೆ? ನೀವು ಮುಟ್ಟಬಹುದಲ್ಲ? ಎಳೀರೋ ಅವಳನ್ನ ಆಚೆಗೆ!" ಎಂದ.

ಹಲಗೆಯ ಮುದುಕ ತಿಪ್ಪಣ್ಣ ದುರುಗಮ್ಮನನ್ನು ಹಿಂದೆ ಕಂಡವನಲ್ಲ. ಹಲಗೆಯನ್ನು ನಿಧಾನವಾಗಿ ಕೆಳಗಿಟ್ಟ. ತಲೆಯ ಟವಲ್ಲು ತೆಗೆದು ಬೆವರೊರೆಸಿಕೊಂಡ. ಯೋಚಿಸಿದ.

"ಎಳಿಯೋದಾದ್ರೆ ಒಳಗೆ ಹೋಗ್ಬೇಕಾಗ್ತದೆ ಬುದ್ಧಿ. ನಾವು ಏಳೆಂಟು ಜನ ಇದೀವಿ. ಹೋಗಾಣಾ?"

ಪಟೇಲ ಅರ್ಚಕನ ಮುಖ ನೋಡಿದ. ಅರ್ಚಕ ಬೇಡವೆಂದು ಎರಡೂ ಕೈ ಆಡಿಸಿದ. ಕೇರಿಯ ಹುಡುಗನೊಬ್ಬ ಕಿಸಕ್ಕನೆ ನಕ್ಕ. ತಿಪ್ಪಣ್ಣ ಅವನನ್ನು ಗದರಿಸಲಿಲ್ಲ. ತೋರಣ ಕಟ್ಟಿದ್ದ ಸರ್ಕಾರದ ಬೋರ್ಡಿನ ಕೆಳಗೆ ಹೋಗಿ ಕುಕ್ಕರಗಾಲಲ್ಲಿ ಕೂತ. ಹಲಗೆಯವರೆಲ್ಲ ಹೋಗಿ ಅವನ ಪಕ್ಕದಲ್ಲಿ ಕೂತರು. ಪಟೇಲ ಪೊಲೀಸರಿಗೆ ಹೇಳಿಕಳಿಸುತ್ತೇನೆಂದ. ಸೈಕಲ್ಲಿನ ಮೇಲೆ ಯಾರೋ ಹೋದರು ಕೂಡ. ಜನ ಮೈಲಿಗೆ ತೊಳೆಯಲು ಹೊಳೆಯ ಕಡೆ ನಡೆದರು. ಹೋಮದ ಬೆಂಕಿ ತನ್ನಷ್ಟಕ್ಕೆ ಆರಿತು.

ಗುಡಿಯೊಳಗೆ ಸದ್ದಿರಲಿಲ್ಲ. ಸುಣ್ಣದ ವಾಸನೆಯೊಂದು ಬಿಟ್ಟರೆ ಎಲ್ಲ ಮೊದಲಿನ ಹಾಗೇ ಇತ್ತು. ಪೊಲೀಸರು ಬರುತ್ತಾರೆ. ಹೊಡೆಯುತ್ತಾರೆ. ಮೇಸ್ತ್ರಿ ನಾಳೆ ಕೆಲಸಕ್ಕೆ ಬೇಡವೆನ್ನುತ್ತಾನೆ. ಎಲ್ಲ ಗೊತ್ತಿತ್ತು ದುರುಗಮ್ಮನಿಗೆ. ಅವರು ಬರುವವರೆಗೆ ಕೂತಿರಬಹುದು. ಅವಳು ಕೂತಳು.

ಹೊಸ್ತಿಲಲ್ಲಿ ನೆರಳಾಡಿತು. ಜಗದಾಂಬಾ. ಕಂಕುಳಲ್ಲಿ ಕೂಸು ನಿದ್ದೆಹೋಗಿತ್ತು.

"ದುರುಗಮ್ಮಾ," ಎಂದಳು. ಅಷ್ಟು ರಜೆಗಳು ಒಟ್ಟಿಗೆ ಕೂತಿದ್ದರೂ ಅವಳು ಹೆಸರು ಹಿಡಿದು ಕರೆದಿರಲಿಲ್ಲ. "ಮಗೂನ ಅವಳ ಕಾಲಿಗೆ ಮುಟ್ಟಿಸ್ಬೇಕಿತ್ತು. ಹಳೇ ಅಮ್ಮನ ಕಾಲಿಗೆ. ಹರಕೆ ಹೊತ್ತಿದ್ದೆ."

"ಬನ್ನಿ ಅಮ್ಮಾರೆ. ಇಲ್ಲಿ ಬ್ಯಾಡ ಅನ್ನೋರು ಯಾರೂ ಇಲ್ಲ."

ಜಗದಾಂಬಾ ಒಂದು ಕಾಲೆತ್ತಿದಳು. ನೆಲದ ಮೇಲೆ ದುರುಗಮ್ಮನ ಒದ್ದೆ ಹೆಜ್ಜೆಗಳಿದ್ದವು. ತಿರುಗಿ ಬೇಲಿಯ ಕಡೆ ನೋಡಿದಳು. ಅಲ್ಲಿ ಮಾವ ನಿಂತಿದ್ದ. ಎತ್ತಿದ ಕಾಲನ್ನು ಮೊದಲಿದ್ದಲ್ಲೇ ಇಟ್ಟಳು.

ದುರುಗಮ್ಮ ಕಾದಳು. ಅವಳು ಬರಲಿ ಎಂದು ನಿಜವಾಗಿಯೂ ಬಯಸಿದಳು. ಆ ಕೂಸನ್ನು ಒಂದು ಗಳಿಗೆ ದೇವಿಯ ತೊಡೆಯ ಮೇಲೆ ನಿಲ್ಲಿಸಬೇಕೆಂದು ಅವಳ ಕೈ ತಾನಾಗಿ ಚಾಚಿತ್ತು. ಚಾಚಿದ ಕೈ ನೋಯತೊಡಗಿತು. ಜಗದಾಂಬಾ ಹೊಸ್ತಿಲು ದಾಟಲಿಲ್ಲ.

"ಹೋಗ್ಲಿ ಬಿಡಿ ಅಮ್ಮಾರೆ," ಎಂದಳು ದುರುಗಮ್ಮ, ಕೈ ಹಿಂದೆ ತೆಗೆದುಕೊಂಡು. "ಅಲ್ಲಿಂದಾನೇ ಕಾಣ್ತಾಳೆ. ಅಲ್ಲೇ ನಿಂತ್ಕೊಂಡು ಕೈ ಮುಗೀರಿ."

ಆಮೇಲೆ ಅವಳು ಆ ಕಡೆ ನೋಡಲಿಲ್ಲ. ಹರಿದ ಸೆರಗನ್ನು ಹಿಂಡಿ, ದೇವಿಯ ತೊಡೆಯ ಮೇಲಿನ ಪುಟ್ಟ ಬೆರಳುಗಳ ಸಂದಿನಿಂದ ಹೊಳೆಯ ಮರಳನ್ನು ಒರೆಸತೊಡಗಿದಳು.